ಮುಂಬೈ ವಡಾ ಪಾವ್: ಎಲ್ಲಿಂದ ಬಂತು, ಒಳಗೇನಿದೆ, ಮನೆಯಲ್ಲಿ ಮಾಡುವುದು ಹೇಗೆ

ವಡಾ ಪಾವ್ ಅಂದರೆ ಬನ್ನಿನೊಳಗೆ ಆಲೂ ಬೋಂಡಾ, ಅಷ್ಟೇ ತಾನೇ? ಹಾಗಂದುಕೊಂಡು ಮಾಡಲು ಹೊರಟರೆ ಸಿಗುವುದೂ ಅಷ್ಟೇ, ಬನ್ನಿನೊಳಗೊಂದು ಬೋಂಡಾ. ತಿನ್ನಬಹುದು, ತಪ್ಪೇನಿಲ್ಲ. ಆದರೆ ದಾದರ್ ಸ್ಟೇಷನ್ ಹೊರಗೆ ಕಾಗದದಲ್ಲಿ ಸುತ್ತಿ ಕೈಗೆ ಕೊಡುತ್ತಾರಲ್ಲ, ಆ ರುಚಿ ಬರುವುದಿಲ್ಲ. ಬನ್ ಸಿಹಿ ಹೊಡೆಯುತ್ತದೆ. ಚಟ್ನಿ ಮೊಣಕೈವರೆಗೆ ಸೋರುತ್ತದೆ. ಒಂದು ಕಡೆ ಕಚ್ಚಿದರೆ ಪಲ್ಯ ಇನ್ನೊಂದು ಕಡೆಯಿಂದ ಆಚೆ ಬರುತ್ತದೆ.

ಯಾಕೆ ಅಂದರೆ ಇದು ತಟ್ಟೆಗೆ ಹಾಕಿ ಬಡಿಸಲು ಹುಟ್ಟಿದ ತಿಂಡಿಯೇ ಅಲ್ಲ. ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ತಿಂಡಿ, ಕಣ್ಣು ಬರುವ ರೈಲಿನ ಮೇಲೆ. ಹಾಗೆ ನಿಂತವರಿಗೋಸ್ಕರ ಹುಟ್ಟಿದ್ದು. ಚಟ್ನಿ ಒಣಗಿರುವುದಕ್ಕೆ, ವಡೆ ಚಪ್ಪಟೆಯಾಗಿರುವುದಕ್ಕೆ, ಪಲ್ಯಕ್ಕೆ ಈರುಳ್ಳಿ ಹಾಕದಿರುವುದಕ್ಕೆ, ಎಲ್ಲಕ್ಕೂ ಇದೇ ಕಾರಣ. ಇದು ತಲೆಯಲ್ಲಿದ್ದರೆ ಅಳತೆ ಆಚೀಚೆ ಆದರೂ ವಡಾ ಪಾವ್ ಚೆನ್ನಾಗೇ ಬರುತ್ತದೆ. ಅದಕ್ಕೇ ಮೊದಲು ಸ್ವಲ್ಪ ಕತೆ, ಆಮೇಲೆ ಅಡುಗೆ.

ದಾದರ್, 1966

ಎಲ್ಲರೂ ಹೇಳುವ ಕತೆ ಹೀಗಿದೆ. 1966ರಲ್ಲಿ ಅಶೋಕ್ ವೈದ್ಯ ಎನ್ನುವವರು ದಾದರ್ ಸ್ಟೇಷನ್ ಹೊರಗೆ ಬಟಾಟೆ ವಡೆ ಮಾರುತ್ತಿದ್ದರು. ಪಕ್ಕದಲ್ಲೇ ಆಮ್ಲೆಟ್ ಪಾವ್ ಗಾಡಿ. ಆ ಪಾವ್ ತಂದು, ನಡುವೆ ಸೀಳಿ, ಚಟ್ನಿ ಹಾಕಿ, ತಮ್ಮ ವಡೆಯನ್ನು ಒಳಗಿಟ್ಟು ಕೊಟ್ಟರು. ಜನಕ್ಕೆ ಹಿಡಿಸಿಬಿಟ್ಟಿತು. ಅದೇ ಹೊತ್ತಿಗೆ ದಾದರ್‌ನಲ್ಲೇ ಸುಧಾಕರ್ ಮ್ಹಾತ್ರೆ ಅವರೂ ಇದನ್ನೇ ಮಾರಲು ಶುರು ಮಾಡಿದ್ದರು ಅನ್ನುವವರೂ ಇದ್ದಾರೆ. ಮೊದಲು ಯಾರು ಅನ್ನುವ ಜಗಳ ನಮಗೆ ಬೇಡ. ವಡೆ ಇತ್ತು, ಪಾವ್ ಇತ್ತು, ಅವಸರದ ಜನ ಇದ್ದರು. ಯಾರಾದರೂ ಸೇರಿಸಲೇಬೇಕಿತ್ತು.

ದಾದರ್‌ನಲ್ಲೇ ಯಾಕೆ? ಮುಂಬೈ ಲೋಕಲ್ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ವೆಸ್ಟರ್ನ್ ಲೈನ್, ಸೆಂಟ್ರಲ್ ಲೈನ್ ಎರಡೂ ಕೂಡುವ ಜಾಗ ಅದು. ಹತ್ತಿರದಲ್ಲೇ ಪರೇಲ್, ಲಾಲ್‌ಬಾಗ್, ವರ್ಲಿ. ಆಗ ಅದೆಲ್ಲ ಬಟ್ಟೆ ಗಿರಣಿಗಳ ಪ್ರದೇಶ, ಹೆಸರೇ ಗಿರಣಗಾಂವ್. ಮೂರು ಪಾಳಿಯಲ್ಲಿ ಕೆಲಸ. ಪಾಳಿ ಮುಗಿಸಿ ಬರುವವನಿಗೆ ಹೋಟೆಲಿನಲ್ಲಿ ಕೂರಲು ಹೊತ್ತೂ ಇಲ್ಲ, ದುಡ್ಡೂ ಇಲ್ಲ. ಬಟಾಟೆ ವಡೆ ಮರಾಠಿ ಮನೆಗಳಲ್ಲಿ ಮೊದಲಿನಿಂದಲೂ ಇದ್ದ ತಿಂಡಿ. ಆದರೆ ಎಣ್ಣೆಯಿಂದ ತೆಗೆದ ಬಿಸಿ ವಡೆಯನ್ನು ಬರಿಗೈಯಲ್ಲಿ ಹಿಡಿದು ರೈಲು ಹತ್ತೋದು ಆಗುತ್ತಾ? ಪಾವ್ ಬಂದ ಮೇಲೆ ತಟ್ಟೆ ಬೇಕಾಗಲಿಲ್ಲ, ಕೈ ಸುಡಲಿಲ್ಲ, ಹೊಟ್ಟೆಯೂ ತುಂಬಿತು.

ಇನ್ನೊಂದು ತಮಾಷೆ ನೋಡಿ. ಮರಾಠಿ ಮಣ್ಣಿನ ತಿಂಡಿ ಅಂತ ಮೆರೆಯುವ ಇದರೊಳಗೆ ಮುಖ್ಯವಾದ ಮೂರು ಸಾಮಾನು ಹಡಗಿನಲ್ಲಿ ಬಂದವು. ಆಲೂಗಡ್ಡೆ, ಮೆಣಸಿನಕಾಯಿ ಎರಡೂ ಅಮೆರಿಕ ಖಂಡದ ಬೆಳೆ. ಪಶ್ಚಿಮ ಕರಾವಳಿಗೆ ಅವನ್ನು ತಂದವರು ಪೋರ್ಚುಗೀಸರು. ಪಾವ್ ಕೂಡ ಅವರದೇ. ಗೋವಾದಲ್ಲಿ ಯೀಸ್ಟ್ ಸಿಗದೆ ಹೆಂಡ ಹಾಕಿ ಹಿಟ್ಟು ಹುಳಿ ಬರಿಸುವುದನ್ನು ಕಲಿತರು. ಗೋವಾದ ಬೇಕರಿಯವರು ಅದನ್ನು ಮುಂಬೈಗೆ ತಂದರು, ಇರಾನಿ ಬೇಕರಿಗಳೂ ಸೇರಿಕೊಂಡವು. ಕಡಲೆಹಿಟ್ಟು, ಅರಿಶಿನ, ಶುಂಠಿ ನಮ್ಮ ಕಡೆಯಿಂದ.

ಈ ಕತೆಯೊಳಗೆ ನಮ್ಮ ಉಡುಪಿಯವರೂ ಬರುತ್ತಾರೆ, ಆದರೆ ಸಿಹಿಯಾದ ರೀತಿಯಲ್ಲಲ್ಲ. ಮುಂಬೈಯಲ್ಲಿ ಅಗ್ಗಕ್ಕೆ ಊಟ ತಿಂಡಿ ಅಂದರೆ ಆಗ ಉಡುಪಿ ಹೋಟೆಲುಗಳೇ. ಮಾಟುಂಗಾದಲ್ಲಿ ರಾಮ ನಾಯಕರು 1942ರಲ್ಲಿ ಶುರು ಮಾಡಿದ ಊಟದ ಹೋಟೆಲು ಇವತ್ತಿಗೂ ಇದೆ. ಇಡ್ಲಿ, ದೋಸೆ ಕಂಡ ಕಂಡ ಗಲ್ಲಿಗೂ ಹಬ್ಬಿತ್ತು. ವಡಾ ಪಾವ್ ಹುಟ್ಟಿದ 1966ರಲ್ಲೇ ಶಿವಸೇನೆಯೂ ಹುಟ್ಟಿತು. ಅದರ ಮೊದಲ ಸಿಟ್ಟು ದಕ್ಷಿಣದವರ ಮೇಲೆ. ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದವು. ಇಡ್ಲಿ ದೋಸೆಗೆ ಎದುರಾಗಿ ಮರಾಠಿ ಹುಡುಗರು ವಡಾ ಪಾವ್ ಗಾಡಿ ಹಾಕಲಿ ಅಂತ ಪಕ್ಷವೇ ಬೆನ್ನಿಗೆ ನಿಂತಿತು. ಮುಂದೆ 1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತ್ ಮುಂದಾಳತ್ವದಲ್ಲಿ ಗಿರಣಿ ಮುಷ್ಕರ ಶುರುವಾಯಿತು. ಸುಮಾರು 2.5 ಲಕ್ಷ ಕೆಲಸಗಾರರು ಹೊರಗೆ ನಿಂತರು. ಎಷ್ಟೋ ಗಿರಣಿಗಳು ಮತ್ತೆ ಬಾಗಿಲು ತೆರೆಯಲಿಲ್ಲ. ಕೆಲಸ ಹೋದವರಲ್ಲಿ ಬಹಳ ಜನ ಬಾಣಲೆ, ಸ್ಟೌ ಹಿಡಿದು ರಸ್ತೆ ಬದಿಗೆ ಬಂದರು. ಮೊದಲು ತಿನ್ನುತ್ತಿದ್ದವರೇ ಈಗ ಮಾರುವವರಾದರು. ಮುಂಬೈಯ ಮೂಲೆ ಮೂಲೆಗೆ ವಡಾ ಪಾವ್ ಹೋಗಿದ್ದು ಹೀಗೆ. ಉಡುಪಿ ಹೋಟೆಲಿನವರೂ ಸುಮ್ನೆ ಕೂರಲಿಲ್ಲ. ಈಗ ಎಷ್ಟೋ ಉಡುಪಿ ಹೋಟೆಲುಗಳಲ್ಲಿ ಮಸಾಲೆ ದೋಸೆಯ ಪಕ್ಕದಲ್ಲೇ ವಡಾ ಪಾವ್ ಸಿಗುತ್ತದೆ.

ಬ್ರ್ಯಾಂಡುಗಳು ಬಂದಿದ್ದು ತೀರಾ ಈಚೆಗೆ. 2001ರಲ್ಲಿ ಜಂಬೋಕಿಂಗ್, 2004ರಲ್ಲಿ ಮುಂಬೈ ಹತ್ತಿರದ ಕಲ್ಯಾಣದಿಂದ ಗೋಲಿ. ಅವುಗಳ ವಡೆ ಎಲ್ಲ ಕಡೆ ಒಂದೇ ರುಚಿ. ಗಾಡಿಯದ್ದು ಗಾಡಿಗೊಂದು ರುಚಿ. ನನಗೆ ಗಾಡಿಯದ್ದೇ ಇಷ್ಟ.

ಒಳಗೆ ಏನೇನಿದೆ

ಸರಿಯಾದ ವಡಾ ಪಾವ್ ಬಿಚ್ಚಿ ನೋಡಿದರೆ ಆರು ಕಾಣುತ್ತವೆ: ಪಾವ್, ವಡೆ, ಒಣ ಬೆಳ್ಳುಳ್ಳಿ ಚಟ್ನಿ, ತೆಳುವಾಗಿ ಸವರಿದ ಹಸಿರು ಚಟ್ನಿ ಮತ್ತು ಸಿಹಿ ಚಟ್ನಿ, ಪಕ್ಕದಲ್ಲೊಂದು ಕರಿದ ಹಸಿಮೆಣಸಿನಕಾಯಿ. ಕೆಲವು ಕಡೆ ಏಳನೆಯದಾಗಿ ಚೂರಾ, ಅಂದರೆ ಕರಿದ ಹಿಟ್ಟಿನ ಪುಡಿ. ಇದರಲ್ಲಿ ಸಿಹಿ ಚಟ್ನಿ ಬಿಟ್ಟರೂ ನಡೆಯುತ್ತದೆ, ಹಸಿರು ಚಟ್ನಿ ಬಿಟ್ಟರೂ ನಡೆಯುತ್ತದೆ. ಒಣ ಚಟ್ನಿ ಬಿಟ್ಟರೆ ಮಾತ್ರ ಅದು ವಡಾ ಪಾವ್ ಅಲ್ಲ.

ಎಂಟು ವಡಾ ಪಾವ್‌ಗೆ ಬೇಕಾದ ಸಾಮಾನು ಇಲ್ಲಿದೆ. ಇಬ್ಬರು ಹಸಿದವರಿಗೆ ಅಥವಾ ನಾಲ್ವರು ನಾಜೂಕಿನವರಿಗೆ ಸಾಕು.

- ಪಾವ್ 8
- ಆಲೂಗಡ್ಡೆ ಅರ್ಧ ಕಿಲೋ
- ಹಸಿಮೆಣಸಿನಕಾಯಿ 5, ಶುಂಠಿ ಒಂದು ಇಂಚು, ಬೆಳ್ಳುಳ್ಳಿ 7-8 ಎಸಳು (ಇವು ಪಲ್ಯಕ್ಕೆ)
- ಸಾಸಿವೆ, ಇಂಗು, ಅರಿಶಿನ, ಕರಿಬೇವು, ಕೊತ್ತಂಬರಿ ಸೊಪ್ಪು, ಅರ್ಧ ನಿಂಬೆಹಣ್ಣು
- ಕಡಲೆಹಿಟ್ಟು 150 ಗ್ರಾಂ, ಚಿಟಿಕೆ ಅಡುಗೆ ಸೋಡಾ
- ಒಣ ಚಟ್ನಿಗೆ: ಬೆಳ್ಳುಳ್ಳಿ 15 ಎಸಳು, ತುರಿದ ಒಣಕೊಬ್ಬರಿ ಅರ್ಧ ಕಪ್, ಶೇಂಗಾ 2 ಚಮಚ, ಎಳ್ಳು 1 ಚಮಚ, ಅಚ್ಚಖಾರದ ಪುಡಿ 2 ಚಮಚ
- ಕರಿಯಲು ಎಣ್ಣೆ, ಉಪ್ಪು, ಜತೆಗೆ ತಿನ್ನಲು 8 ಹಸಿಮೆಣಸಿನಕಾಯಿ

ಹಸಿರು ಚಟ್ನಿ, ಹುಣಸೆ ಬೆಲ್ಲದ ಸಿಹಿ ಚಟ್ನಿ ಮಾಡುವುದು ಎಲ್ಲರಿಗೂ ಗೊತ್ತು, ಚಾಟ್‌ಗೆ ಮಾಡುತ್ತೇವಲ್ಲ, ಅದೇ. ನೆನಪಿಡಬೇಕಾದ್ದು ಒಂದೇ: ಎರಡೂ ಗಟ್ಟಿಯಾಗಿರಲಿ. ಚಮಚ ಓರೆ ಮಾಡಿದರೆ ತಟ್ಟನೆ ಸುರಿಯಬಾರದು.

ಹಂತ 1: ಪಾವ್ ಆರಿಸುವುದು

ನಮ್ಮ ಕಡೆ ಎಡವುವುದು ಇಲ್ಲೇ. ಬೆಂಗಳೂರು, ಮೈಸೂರಿನ ಅಯ್ಯಂಗಾರ್ ಬೇಕರಿಯ ಬನ್ ಕಾಫಿ ಜತೆಗೆ ಬಹಳ ಚೆನ್ನ. ವಡಾ ಪಾವ್‌ಗೆ ಬೇಡ, ಸಿಹಿ ಜಾಸ್ತಿ. ಬರ್ಗರ್ ಬನ್ನೂ ಬೇಡ, ಅದು ದೊಡ್ಡದು, ಮೇಲೆ ಹೊಳಪು, ಒಳಗೆ ಬರೀ ಗಾಳಿ. ನಮಗೆ ಬೇಕಾದ್ದು ಲಾದಿ ಪಾವ್. ಬೇಕರಿಯಲ್ಲಿ ಪಾವ್ ಭಾಜಿಯ ಪಾವ್ ಅಂತ ಕೇಳಿದರೆ ಕೊಡುತ್ತಾರೆ. ಟ್ರೇಯಲ್ಲಿ ಒಂದಕ್ಕೊಂದು ಒತ್ತಿಟ್ಟು ಬೇಯಿಸಿರುತ್ತಾರೆ. ಹಾಗಾಗಿ ಮೇಲೆ ಮಾತ್ರ ಕಂದು ಸಿಪ್ಪೆ, ಪಕ್ಕಗಳಲ್ಲಿ ಸಿಪ್ಪೆಯೇ ಇರುವುದಿಲ್ಲ. ಎರಡನ್ನು ಹಿಡಿದು ಬಿಡಿಸಿದರೆ ಬದಿಯಲ್ಲಿ ಬಿಳಿ ಎಳೆ ಎಳೆಯಾಗಿ ಹರಿಯಬೇಕು, ಪುಡಿ ಉದುರಬಾರದು. ಮೂಸಿದರೆ ತುಸು ಹುಳಿ ವಾಸನೆ ಬಂದರೆ ಇನ್ನೂ ಒಳ್ಳೆಯದು, ಹಿಟ್ಟು ಚೆನ್ನಾಗಿ ಹುದುಗಿದೆ ಅಂತ ಅರ್ಥ.

ಪಾವ್ ನಿನ್ನೆಯದಾಗಿದ್ದರೆ ಇಡ್ಲಿ ಪಾತ್ರೆಯಲ್ಲಿ ಬಟ್ಟೆ ಹಾಸಿ ಅರ್ಧ ನಿಮಿಷ ಹಬೆ ಕೊಡಿ, ಮತ್ತೆ ಮೆತ್ತಗಾಗುತ್ತದೆ. ಬೆಣ್ಣೆ ಹಾಕಿ ಕಾವಲಿ ಮೇಲೆ ಕೆಂಪಗೆ ಮಾಡುವುದು ಪಾವ್ ಭಾಜಿಯ ಪದ್ಧತಿ. ವಡಾ ಪಾವ್‌ಗೂ ಹಾಗೆ ಮಾಡುವವರಿದ್ದಾರೆ. ಬೇಡ ಅಂತ ನನ್ನ ಅಭಿಪ್ರಾಯ, ಕರಿದ ವಡೆಗೆ ಮೆತ್ತನೆಯ ಬ್ರೆಡ್ಡೇ ಸರಿ. ಹೊರದೇಶದಲ್ಲಿ ಇರುವವರಿಗೆ ಇಂಡಿಯನ್ ಅಂಗಡಿಯ ಫ್ರೀಜರ್‌ನಲ್ಲಿ ಪಾವ್ ಸಿಗುತ್ತದೆ. ಇಲ್ಲದಿದ್ದರೆ ಡಿನ್ನರ್ ರೋಲ್ ತನ್ನಿ, ಪ್ಯಾಕೆಟ್ ಮೇಲೆ ನೋಡಿ ಸಕ್ಕರೆ ಕಡಿಮೆ ಇರುವುದನ್ನು ಆರಿಸಿ.

ಹಂತ 2: ಒಣ ಚಟ್ನಿ

ಇದನ್ನು ಹಿಂದಿನ ದಿನವೇ ಮಾಡಿಟ್ಟುಕೊಳ್ಳಿ. ಬಾಣಲೆಗೆ ಒಂದು ಚಮಚ ಎಣ್ಣೆ ಹಾಕಿ, ಬೆಳ್ಳುಳ್ಳಿ ಎಸಳನ್ನು ಸಣ್ಣ ಉರಿಯಲ್ಲಿ ಹುರಿಯಿರಿ. ಅಂಚು ಕಂದು ಬಣ್ಣಕ್ಕೆ ತಿರುಗಬೇಕು, ಎಸಳು ಸ್ವಲ್ಪ ಸುಕ್ಕಾಗಬೇಕು. ಅದರ ನೀರು ಹೋಗುವುದು ಮುಖ್ಯ. ಹಸಿ ಬೆಳ್ಳುಳ್ಳಿ ಹಾಕಿದರೆ ಚಟ್ನಿ ಮುದ್ದೆಯಾಗುತ್ತದೆ, ಬೇಗ ಕೆಡುತ್ತದೆ. ತೆಗೆದಿಟ್ಟು ಅದೇ ಬಾಣಲೆಯಲ್ಲಿ ಶೇಂಗಾ, ಎಳ್ಳು, ಕೊನೆಗೆ ಕೊಬ್ಬರಿ, ಬೇರೆ ಬೇರೆಯಾಗಿ ಹುರಿಯಿರಿ. ಕೊಬ್ಬರಿ ಕಣ್ಣು ಮುಚ್ಚಿ ಬಿಡುವುದರೊಳಗೆ ಕಪ್ಪಾಗುತ್ತದೆ, ಅಲ್ಲೇ ನಿಂತಿರಿ.

ಎಲ್ಲ ಪೂರ್ತಿ ಆರಿದ ಮೇಲೆ ಖಾರದ ಪುಡಿ, ಅರ್ಧ ಚಮಚ ಉಪ್ಪು ಸೇರಿಸಿ ಮಿಕ್ಸಿಗೆ ಹಾಕಿ. ಒಂದೇ ಸಮ ತಿರುಗಿಸಬೇಡಿ. ತಿರುಗಿಸಿ ನಿಲ್ಲಿಸಿ, ತಿರುಗಿಸಿ ನಿಲ್ಲಿಸಿ. ಇಲ್ಲದಿದ್ದರೆ ಶೇಂಗಾ, ಕೊಬ್ಬರಿ ಎಣ್ಣೆ ಬಿಟ್ಟು ಪೇಸ್ಟ್ ಆಗುತ್ತದೆ. ತರಿತರಿಯಾಗಿ ಇರಲಿ. ಬೆರಳಲ್ಲಿ ಒತ್ತಿದರೆ ಅಂಟಬೇಕು, ಕೊಡವಿದರೆ ಉದುರಬೇಕು. ಒರಳುಕಲ್ಲು ಇದ್ದವರು ಕುಟ್ಟಿ, ಅದರ ರುಚಿಯೇ ಬೇರೆ.

ಆ ಕೆಂಪು ಬಣ್ಣ ಬೇಕಾದರೆ ಬ್ಯಾಡಗಿ ಮೆಣಸಿನಕಾಯಿ ಪುಡಿಯೇ ಆಗಬೇಕು. ಖಾರ ಕಡಿಮೆ, ಬಣ್ಣ ಜಾಸ್ತಿ. ಹಾವೇರಿ ಜಿಲ್ಲೆಯ ಈ ಮೆಣಸಿನಕಾಯಿಗೆ 2011ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಖಾರ ಬೇಕು ಅನ್ನುವವರು ಅರ್ಧ ಚಮಚ ಗುಂಟೂರು ಪುಡಿ ಸೇರಿಸಿ. ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಕಡೆಯವರಿಗೆ ಇನ್ನೂ ಸುಲಭ. ಮನೆಯಲ್ಲಿ ಶೇಂಗಾ ಚಟ್ನಿ ಪುಡಿ ಡಬ್ಬಿ ಇದ್ದೇ ಇರುತ್ತದೆ. ಅದಕ್ಕೆ ಹುರಿದ ಬೆಳ್ಳುಳ್ಳಿ, ಕೊಬ್ಬರಿ ಸೇರಿಸಿ ಒಂದು ಸುತ್ತು ತಿರುಗಿಸಿದರೆ ಕೆಲಸ ಆಯಿತು. ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಟ್ಟರೆ ಎರಡು ವಾರಕ್ಕೆ ಮೋಸವಿಲ್ಲ. ಉಳಿದಿದ್ದು ದೋಸೆಗೂ ಆಗುತ್ತದೆ, ಬಿಸಿ ಅನ್ನ ತುಪ್ಪಕ್ಕೂ ಆಗುತ್ತದೆ.

ಹಂತ 3: ಪಲ್ಯ

ಹಳೆಯ ಆಲೂಗಡ್ಡೆ ಆರಿಸಿ. ಹಾಸನದ ಕಡೆಯಿಂದ ಮಳೆಗಾಲದ ಬೆಳೆ ಬಂದಾಗ ಸಿಗುವ ಹೊಸ ಗಡ್ಡೆ, ಉಗುರು ತಾಗಿದರೆ ಸಿಪ್ಪೆ ಎದ್ದು ಬರುತ್ತದಲ್ಲ, ಅದು ಸಾರು ಪಲ್ಯಕ್ಕೆ ಚೆನ್ನ. ವಡೆಗೆ ತಂದರೆ ನೀರು ಜಾಸ್ತಿ, ಹಿಸುಕಿದರೆ ಅಂಟಂಟು.

ಗಡ್ಡೆಯನ್ನು ಹೆಚ್ಚದೆ, ಸಿಪ್ಪೆ ಸಮೇತ ಕುಕ್ಕರಿನಲ್ಲಿ ಮೂರು ಕೂಗು ಕೂಗಿಸಿ. ಒತ್ತಡ ಇಳಿದ ಕೂಡಲೇ ನೀರು ಬಸಿದು ತಟ್ಟೆಯಲ್ಲಿ ಹರಡಿ. ಬಿಸಿ ನೀರಿನಲ್ಲೇ ಬಿಟ್ಟರೆ ಗಡ್ಡೆ ನೀರು ಕುಡಿಯುತ್ತದೆ. ಸಿಪ್ಪೆ ತೆಗೆದು ಕೈಯಲ್ಲೇ ಪುಡಿ ಮಾಡಿ. ಅಲ್ಲಲ್ಲಿ ಕಡಲೆಕಾಳಿನಷ್ಟು ಚೂರು ಉಳಿದಿರಲಿ. ತೀರಾ ನುಣ್ಣಗಾದರೆ ಮಗುವಿಗೆ ತಿನ್ನಿಸುವ ಗಂಜಿ ಆದ ಹಾಗೆ ಆಗುತ್ತದೆ.

ಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ ಮೂರನ್ನೂ ನೀರು ಹಾಕದೆ ಕುಟ್ಟಿಕೊಳ್ಳಿ. ಒಂದು ದೊಡ್ಡ ಚಮಚ ಎಣ್ಣೆ ಕಾಯಿಸಿ ಸಾಸಿವೆ ಸಿಡಿಸಿ, ಇಂಗು, ಕರಿಬೇವು, ಅರ್ಧ ಚಮಚ ಅರಿಶಿನ, ಕುಟ್ಟಿದ ಮಸಾಲೆ ಹಾಕಿ. ಹಸಿ ವಾಸನೆ ಹೋಗುವಷ್ಟು ಕೈಯಾಡಿಸಿ ಆಲೂಗಡ್ಡೆ, ಉಪ್ಪು ಸೇರಿಸಿ. ಎರಡು ನಿಮಿಷ ಮಗುಚಿ, ಒಲೆ ಆರಿಸಿ, ಕೊತ್ತಂಬರಿ ಮತ್ತು ನಿಂಬೆರಸ ಹಾಕಿ. ರುಚಿ ನೋಡಿದರೆ ಖಾರ, ಉಪ್ಪು ಎರಡೂ ಒಂಚೂರು ಮುಂದೆ ಅನಿಸಬೇಕು. ಮೇಲಿನ ಹಿಟ್ಟು, ಸುತ್ತಲಿನ ಪಾವ್ ಎರಡೂ ಸಪ್ಪೆ. ಪಲ್ಯ ಸರಿಯಾಗಿದೆ ಅನಿಸಿದರೆ ವಡಾ ಪಾವ್ ಸಪ್ಪೆಯಾಗುತ್ತದೆ.

ನಮ್ಮ ಬೋಂಡಾಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ. ನಾವು ದೋಸೆಯ ಪಲ್ಯದ ರೂಢಿಯಲ್ಲಿ ಈರುಳ್ಳಿ, ಕಡಲೆಬೇಳೆ, ಉದ್ದಿನಬೇಳೆ ಹಾಕುತ್ತೇವೆ. ಇದಕ್ಕೆ ಬೇಡ. ಈರುಳ್ಳಿ ನೀರು ಬಿಟ್ಟು ಪಲ್ಯ ಸಡಿಲವಾಗುತ್ತದೆ, ಕಚ್ಚಿದಾಗ ಜಾರುತ್ತದೆ. ಬೇಳೆ ಮೆತ್ತನೆಯ ಪಾವ್ ನಡುವೆ ಹಲ್ಲಿಗೆ ಸಿಗುತ್ತದೆ. ಗರಂ ಮಸಾಲೆಯೂ ಬೇಡ. ಅದನ್ನು ಹಾಕಿದರೆ ಸಮೋಸಾ ನೆನಪಾಗುತ್ತದೆ.

ಪಲ್ಯ ಪೂರ್ತಿ ಆರಲಿ. ಎಂಟು ಉಂಡೆ ಮಾಡಿ, ಒಂದೊಂದೂ ದೊಡ್ಡ ನಿಂಬೆಗಿಂತ ಸ್ವಲ್ಪ ದಪ್ಪ. ಅಂಗೈಯಲ್ಲಿಟ್ಟು ಮೆಲ್ಲಗೆ ಒತ್ತಿ ಚಪ್ಪಟೆ ಮಾಡಿ, ಎರಡು ಸೆಂಟಿಮೀಟರ್ ದಪ್ಪಕ್ಕೆ. ಗುಂಡಗಿದ್ದರೆ ಪಾವ್ ಬಾಯಿ ಕಳೆದುಕೊಂಡು ನಿಲ್ಲುತ್ತದೆ, ಮೊದಲ ತುತ್ತಿಗೆ ಬರೀ ಬ್ರೆಡ್ ಸಿಗುತ್ತದೆ.

ಹಂತ 4: ಹಿಟ್ಟು ಮತ್ತು ಎಣ್ಣೆ

ಕಡಲೆಹಿಟ್ಟು ಜರಡಿ ಹಿಡಿದು, ಮುಕ್ಕಾಲು ಚಮಚ ಉಪ್ಪು, ಕಾಲು ಚಮಚ ಅರಿಶಿನ ಹಾಕಿ. ಮುಕ್ಕಾಲು ಕಪ್ ನೀರು ಇಟ್ಟುಕೊಂಡು ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಗಂಟಿಲ್ಲದಂತೆ ಕಲಸಿ. ಒಂದೊಂದು ಹಿಟ್ಟು ಒಂದೊಂದು ಥರ ನೀರು ಕುಡಿಯುತ್ತದೆ, ಆದ್ದರಿಂದ ಅಳತೆಗಿಂತ ಕಣ್ಣು ನಂಬಿ. ಚಮಚದ ಬೆನ್ನಿಗೆ ಹಿಟ್ಟು ಅಂಟಿ ನಿಲ್ಲಬೇಕು, ಅದರ ಮೇಲೆ ಬೆರಳಲ್ಲಿ ಗೆರೆ ಎಳೆದರೆ ಗೆರೆ ಹಾಗೇ ಉಳಿಯಬೇಕು. ಕೈಯಲ್ಲಿ ಮೂರು ನಾಲ್ಕು ನಿಮಿಷ ಚೆನ್ನಾಗಿ ಬಡಿಯಿರಿ. ಗಾಳಿ ಸೇರಿದಷ್ಟೂ ಸೋಡಾ ಕಡಿಮೆ ಸಾಕು. ಹತ್ತು ನಿಮಿಷ ಬಿಟ್ಟು, ಕರಿಯಲು ಶುರು ಮಾಡುವ ಮುಂಚೆ ಚಿಟಿಕೆ ಸೋಡಾ, ಒಂದು ದೊಡ್ಡ ಚಮಚ ಕಾದ ಎಣ್ಣೆ ಹಾಕಿ ಕಲಸಿ.

ಗರಿಗರಿ ಬರಲಿ ಅಂತ ಅಕ್ಕಿಹಿಟ್ಟು ಹಾಕಲು ಕೈ ಹೋಗುತ್ತದೆ ಅಲ್ವಾ? ತಡೆದುಕೊಳ್ಳಿ. ವಡಾ ಪಾವ್‌ನ ವಡೆಯ ಮೈ ತೆಳ್ಳಗೆ, ಮೆತ್ತಗೆ ಇದ್ದರೇ ಚೆಂದ. ಗರಿಗರಿ ಬೇಕಾದರೆ ಚೂರಾ ಇದೆ.

ಬಾಣಲೆಯಲ್ಲಿ ವಡೆ ಮುಳುಗುವಷ್ಟು ಎಣ್ಣೆ ಇರಲಿ. ಥರ್ಮಾಮೀಟರ್ ಇದ್ದರೆ 175 ರಿಂದ 180 ಡಿಗ್ರಿ ಸೆಲ್ಸಿಯಸ್. ಇಲ್ಲದಿದ್ದರೆ ಒಂದು ಹನಿ ಹಿಟ್ಟು ಬಿಡಿ. ತಳಕ್ಕೆ ಹೋಗಿ ತಕ್ಷಣ ಮೇಲೆದ್ದರೆ ಸರಿ. ಅಲ್ಲೇ ಕೂತರೆ ಎಣ್ಣೆ ಕಾದಿಲ್ಲ, ಮೇಲೆದ್ದ ಕೂಡಲೇ ಕಪ್ಪಾದರೆ ಹೆಚ್ಚು ಕಾದಿದೆ. ಉಂಡೆಯನ್ನು ಹಿಟ್ಟಿನಲ್ಲಿ ಅದ್ದಿ ಬಾಣಲೆಯ ಅಂಚಿನಿಂದ ಮೆಲ್ಲಗೆ ಜಾರಿಸಿ, ಒಮ್ಮೆಗೆ ಮೂರು ನಾಲ್ಕು ಮಾತ್ರ. ಮೊದಲ ಒಂದು ನಿಮಿಷ ಸೌಟು ತಾಗಿಸಬೇಡಿ. ಒಳಗಿನ ಪಲ್ಯ ಆಗಲೇ ಬೆಂದಿದೆ, ಬೇಯಬೇಕಾದ್ದು ಹಿಟ್ಟು ಮಾತ್ರ. ಮೂರು ನಾಲ್ಕು ನಿಮಿಷದಲ್ಲಿ ಗುಳ್ಳೆಗಳ ಸದ್ದು ಇಳಿಯುತ್ತದೆ, ಬಣ್ಣ ಹೊಂಬಣ್ಣಕ್ಕೆ ಬರುತ್ತದೆ. ತೆಗೆದುಬಿಡಿ.

ವಡೆ ಎಣ್ಣೆ ಕುಡಿದರೆ ಒಂದೋ ಎಣ್ಣೆ ಕಾದಿಲ್ಲ, ಇಲ್ಲ ಸೋಡಾ ಜಾಸ್ತಿಯಾಗಿದೆ. ಹಿಟ್ಟು ಉಂಡೆಗೆ ಹಿಡಿಯದೆ ಜಾರಿದರೆ ಉಂಡೆಯ ಮೇಲೆ ಪಸೆ ಇದೆ, ಒಣ ಕಡಲೆಹಿಟ್ಟಿನಲ್ಲಿ ಒಮ್ಮೆ ಹೊರಳಿಸಿ ಅದ್ದಿ. ಎಣ್ಣೆಯಲ್ಲಿ ವಡೆ ಒಡೆದು ಪಲ್ಯ ಚೆದುರಿದರೆ ಹಿಟ್ಟು ನೀರಾಗಿದೆ, ಎರಡು ಚಮಚ ಕಡಲೆಹಿಟ್ಟು ಸೇರಿಸಿ.

ಹಂತ 5: ಮೆಣಸಿನಕಾಯಿ, ಚೂರಾ

ಮೆಣಸಿನಕಾಯಿಯನ್ನು ಒರೆಸಿ ಒಣಗಿಸಿ, ಉದ್ದಕ್ಕೆ ಒಂದು ಸೀಳು ಹಾಕಿ. ಸೀಳದೆ ಎಣ್ಣೆಗೆ ಬಿಟ್ಟರೆ ಪಟಾಕಿ ಸಿಡಿದಂತೆ ಸಿಡಿದು ಎಣ್ಣೆ ಮುಖಕ್ಕೆ ಹಾರುತ್ತದೆ, ಹುಷಾರು. ಮೈಮೇಲೆ ಬಿಳಿ ಬೊಕ್ಕೆ ಎದ್ದ ಕೂಡಲೇ ತೆಗೆದು, ಬಿಸಿ ಇರುವಾಗಲೇ ಉಪ್ಪು ಉದುರಿಸಿ ಹೊರಳಿಸಿ.

ಉಳಿದ ಹಿಟ್ಟಿಗೆ ಒಂದೆರಡು ಚಮಚ ನೀರು ಸೇರಿಸಿ ತೆಳ್ಳಗೆ ಮಾಡಿ, ಜಾಲರಿ ಸೌಟಿನ ಮೂಲಕ ಎಣ್ಣೆಗೆ ಇಳಿಸಿ. ಬೂಂದಿ ಮಾಡುವ ಹಾಗೇ, ಆದರೆ ಆಕಾರದ ಚಿಂತೆ ಬೇಡ. ಗರಿಗರಿಯಾದ ಮೇಲೆ ತೆಗೆದು ಕೈಯಲ್ಲಿ ಪುಡಿ ಮಾಡಿ. ಇದೇ ಚೂರಾ. ದಾದರ್‌ನ ಕೀರ್ತಿ ಕಾಲೇಜಿನ ಹತ್ತಿರದ ಗಾಡಿ ಹೆಸರು ಮಾಡಿದ್ದೇ ಇದರಿಂದ. ಎರಡು ಹಿಡಿ ಚೂರಾಗೆ ಒಣ ಚಟ್ನಿ ಕಲಸಿ ಇಟ್ಟುಕೊಂಡರೆ ಖಾರವೂ ಗರಿಗರಿಯೂ ಒಟ್ಟಿಗೆ ಸಿಗುತ್ತವೆ.

ಹಂತ 6: ಕಟ್ಟುವುದು

ಪಾವ್‌ನ ಒಂದು ಬದಿ ಅಂಟಿಕೊಂಡೇ ಇರುವಂತೆ ಸೀಳಿ. ಪೂರ್ತಿ ಎರಡು ಹೋಳಾದರೆ ಕೈಯಲ್ಲಿ ನಿಲ್ಲುವುದಿಲ್ಲ. ಮೊದಲು ಕೆಳಗೆ ಸಿಹಿ ಚಟ್ನಿ, ಮೇಲೆ ಹಸಿರು ಚಟ್ನಿ, ತೆಳುವಾಗಿ ಸವರಿ. ಆಮೇಲೆ ಎರಡೂ ಕಡೆ ಒಣ ಚಟ್ನಿ ಧಾರಾಳವಾಗಿ ಉದುರಿಸಿ. ಈ ಕ್ರಮ ತಪ್ಪಿಸಬೇಡಿ. ಹಸಿ ಚಟ್ನಿಗೆ ಒಣ ಚಟ್ನಿ ಅಂಟಿ ಕೂರುತ್ತದೆ, ಬಟ್ಟೆ ಮೇಲೆ ಉದುರುವುದಿಲ್ಲ. ಎಣ್ಣೆಯಿಂದ ತೆಗೆದು ಎರಡು ನಿಮಿಷ ಆದ ವಡೆ ಒಳಗಿಡಿ, ಮೇಲೆ ಚೂರಾ. ಪಾವ್ ಮುಚ್ಚಿ ಅಂಗೈಯಿಂದ ಒಮ್ಮೆ ಅದುಮಿ. ಗಾಡಿಯವರು ಕೊಡುವ ಮುಂಚೆ ಒಂದು ಸಲ ಅದುಮುತ್ತಾರೆ, ನೋಡಿದ್ದೀರಾ? ಆಗ ವಡೆ ಬಿರಿದು ಪಲ್ಯ ಚಟ್ನಿಗೆ ಕಚ್ಚಿಕೊಳ್ಳುತ್ತದೆ. ಮತ್ತೆ ಜಾರುವುದಿಲ್ಲ.

ಕಾಗದದಲ್ಲಿ ಅರ್ಧ ಸುತ್ತಿ ಕೊಡಿ. ಪೇಪರ್ ಅಂದರೆ ನ್ಯೂಸ್‌ಪೇಪರ್ ಅಲ್ಲ. ಅಚ್ಚಿನ ಮಸಿ ಬಿಸಿ ಎಣ್ಣೆಗೆ ಇಳಿಯುತ್ತದೆ, ಅದರಲ್ಲಿ ತಿಂಡಿ ಕಟ್ಟಬಾರದು ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಹೇಳಿದೆ. ಬಟರ್ ಪೇಪರ್ ಅಥವಾ ಬಿಳಿ ಹಾಳೆ ಸಾಕು.

ಕಟ್ಟಿದ ಐದು ನಿಮಿಷದಲ್ಲಿ ತಿಂದರೆ ಸರಿ. ಮನೆಗೆ ಜನ ಬರುತ್ತಾರೆ ಅಂತ ಮೊದಲೇ ಕಟ್ಟಿಟ್ಟು ಡಬ್ಬಿ ಮುಚ್ಚಿದರೆ ಹಬೆಗೆ ಎಲ್ಲ ಒದ್ದೆ. ಚಟ್ನಿಗಳು, ಸೀಳಿದ ಪಾವ್, ಅದ್ದಲು ತಯಾರಾದ ಉಂಡೆ ಎಲ್ಲ ಸಿದ್ಧ ಇಟ್ಟುಕೊಂಡು, ಜನ ಬಂದ ಮೇಲೆ ಎಣ್ಣೆ ಕಾಯಿಸಿ. ಒಬ್ಬರು ಕರಿಯಿರಿ, ಇನ್ನೊಬ್ಬರು ಕಟ್ಟಿ ಕೊಡಿ.

ಬೇರೆ ಊರಿನ ಬಗೆಗಳು

ಮುಂಬೈಯಿಂದ ಪುಣೆ ಕಡೆಗೆ ರೈಲಿನಲ್ಲಿ ಬಂದವರಿಗೆ ಕರ್ಜತ್ ಗೊತ್ತು. ಬೋರ್ ಘಾಟ್ ಹತ್ತಲು ರೈಲಿನ ಹಿಂದೆ ಹೆಚ್ಚುವರಿ ಎಂಜಿನ್ ಜೋಡಿಸುವ ಸ್ಟೇಷನ್ ಅದು. ರೈಲು ನಿಲ್ಲುವ ಆ ಕೆಲವು ನಿಮಿಷದಲ್ಲೇ ಅಲ್ಲಿನ ವಡೆ ಹೆಸರು ಮಾಡಿದೆ. ನಾಸಿಕ್‌ನಲ್ಲಿ ಉಲ್ಟಾ ವಡಾ ಪಾವ್ ಸಿಗುತ್ತದೆ, ಪಾವ್‌ನೊಳಗೆ ಪಲ್ಯ ತುಂಬಿ ಇಡೀ ಪಾವನ್ನೇ ಹಿಟ್ಟಿನಲ್ಲಿ ಅದ್ದಿ ಕರಿಯುತ್ತಾರೆ. ಒಮ್ಮೆ ತಿನ್ನಬಹುದು, ಆಮೇಲೆ ನಿದ್ದೆ ಗ್ಯಾರಂಟಿ. ಕಚ್ಛ್ ಕಡೆಯ ದಾಬೇಲಿಯನ್ನು ಕೆಲವರು ಇದರ ತಮ್ಮ ಅಂತ ತಿಳಿಯುತ್ತಾರೆ. ಅದರ ಮಸಾಲೆಯೇ ಬೇರೆ, ದಾಳಿಂಬೆ ಶೇಂಗಾ ಎಲ್ಲ ಬೀಳುತ್ತದೆ, ಒಳಗೆ ವಡೆಯೂ ಇಲ್ಲ. ಶೆಜ್ವಾನ್, ಚೀಸ್, ಮಯೋನೀಸ್ ಹಾಕಿದ ವಡಾ ಪಾವ್ ಈಗ ಎಲ್ಲ ಕಡೆ ಬಂದಿದೆ. ಮಕ್ಕಳು ಕೇಳಿದರೆ ಮಾಡಿಕೊಡಿ. ಚೀಸ್ ಹಾಕಿದರೆ ಬೆಳ್ಳುಳ್ಳಿಯ ಘಾಟು ಮಂಕಾಗುತ್ತದೆ ಅನ್ನುವುದು ಮಾತ್ರ ತಿಳಿದಿರಲಿ.

ಮುಂಬೈಗೆ ಹೋದಾಗ ಗಾಡಿಯ ಮುಂದೆ ನಿಂತು ಬಾಣಲೆ ನೋಡಿ. ವಡೆ ಆಗ ತಾನೇ ಎಣ್ಣೆಗೆ ಬೀಳುತ್ತಿದ್ದರೆ ಕಾಯಿರಿ, ತಟ್ಟೆಯಲ್ಲಿ ಗುಡ್ಡೆ ಹಾಕಿಟ್ಟಿದ್ದರೆ ಮುಂದಿನ ಗಾಡಿಗೆ ಹೋಗಿ. ‘ಸೂಖಾ ಚಟ್ನಿ ಜ್ಯಾದಾ’ ಅಂದರೆ ಒಂದು ಚಿಟಿಕೆ ಹೆಚ್ಚಿಗೆ ಬೀಳುತ್ತದೆ. ಸಿಹಿ ಬೇಡವಾದರೆ ‘ಮೀಠಾ ನಹೀ’ ಅನ್ನಿ.

ಎಣ್ಣೆ ಬೇಡ ಅನ್ನುವವರಿಗೆ, ಉಳಿದದ್ದಕ್ಕೆ

ಏರ್ ಫ್ರೈಯರ್‌ನಲ್ಲಿ ಆಗುತ್ತಾ ಅಂತ ತುಂಬ ಜನ ಕೇಳುತ್ತಾರೆ. ನೀರಾದ ಹಿಟ್ಟು ಅದರಲ್ಲಿ ನಿಲ್ಲುವುದಿಲ್ಲ, ಜಾಲರಿಯಿಂದ ಕೆಳಗೆ ಸೋರುತ್ತದೆ. ಅದಕ್ಕಿಂತ ಪಡ್ಡಿನ ಕಾವಲಿ ತೆಗೆಯಿರಿ. ಉಂಡೆ ಚಿಕ್ಕದು ಮಾಡಿ, ಗುಳಿಗೆ ಅರ್ಧ ಚಮಚ ಎಣ್ಣೆ ಬಿಟ್ಟು, ಹಿಟ್ಟಿನಲ್ಲಿ ಅದ್ದಿದ ಉಂಡೆ ಇಟ್ಟು ಮುಚ್ಚಿ ಬೇಯಿಸಿ, ತಿರುಗಿಸಿ. ಒಂದು ಪಾವ್‌ಗೆ ಎರಡು ಇಟ್ಟು ಅದುಮಿದರೆ ಆಯಿತು. ಕರಿದ ರುಚಿ ಪೂರ್ತಿ ಬರುವುದಿಲ್ಲ, ಆದರೆ ಹತ್ತಿರ ಬರುತ್ತದೆ.

ವಡೆ ಉಳಿದರೆ ಫ್ರಿಜ್‌ನಲ್ಲಿಟ್ಟು ಮರುದಿನ ಮೈಕ್ರೋವೇವ್ ಮಾಡಬೇಡಿ, ರಬ್ಬರ್ ಆಗುತ್ತದೆ. ಕಾದ ಕಾವಲಿ ಮೇಲೆ ಒಂದು ಚಮಚ ಎಣ್ಣೆ ಹಾಕಿ, ವಡೆಯನ್ನು ಇನ್ನಷ್ಟು ಚಪ್ಪಟೆ ಒತ್ತಿ ಎರಡೂ ಕಡೆ ಕೆಂಪಗೆ ಮಾಡಿ. ಹಸಿ ಉಂಡೆ ಉಳಿದಿದ್ದರೆ ಇನ್ನೂ ಒಳ್ಳೆಯದು. ಮರುದಿನ ಬೆಳಗ್ಗೆ ಚಪಾತಿ ಒಳಗೆ ಸುತ್ತಿ ಟಿಫಿನ್‌ಗೆ ಹಾಕಬಹುದು.